ನೆರೆಯ ನಗೆ: ಸುರಪುರ ಸೀಮೆಯ ಹಾಸ್ಯೋಕ್ತಿಗಳನ್ನು ಕುರಿತು

ಹಾಸ್ಯರಸದ ಲಕ್ಷಣವನ್ನು ಕುರಿತು ನಮ್ಮ ವಿದ್ವಾಂಸರು ಬೇಕಾದಷ್ಟು ಚರ್ಚೆ ನಡಸಿದ್ದಾರೆ. ಆದರೆ ಆ ಚರ್ಚೆಗಳಿಗೆ ಒದಗಿದ ಉದಾಹರಣೆಗಳು ಬಹುಮಟ್ಟಿಗೆ ನಾಟಕದ ವಿದೂಷಕನಿಂದಲೋ ಕಾವ್ಯದ ವಿಡಂಬನ ಭಾಗಗಳಿಂದಲೋ ಬಂದವು. ಜನರ ಬಾಯಲ್ಲಿ ದಿನದಿನವೂ ಹುಟ್ಟಿ ಅಡಗುವ ನಗೆಮಾತು ವಿಮರ್ಶೆಗೆ ತಕ್ಕ ವಸ್ತುವೆಂದು ಎಣಿಸಿದವರು ಕಡಮೆ. ಅದರಲ್ಲಿಯೂ ಒಂದು ಸೀಮೆಯವರು ಇನ್ನೊಂದು ಸೀಮೆಯವರನ್ನು ಕುರಿತು ಆಡುವ ಪರಿಹಾಸ್ಯವೆಂದರೆ ಅದು ಕಟ್ಟೆಯ ಮೇಲಿನ ಹರಟೆ, ವಿದ್ವತ್ಪತ್ರಿಕೆಯ ಪುಟಗಳಿಗೆ ಅದೇಕೆ ಎಂಬ ಭಾವನೆ ಬೇರೂರಿದೆ. ಸುರಪುರ, ಶಹಾಪುರ, ಯಾದಗಿರಿ ತಾಲೂಕುಗಳಲ್ಲಿ ಹೊಳೆ ತುಂಬಿ ಬಂದಾಗ ಹುಟ್ಟುವ ಮಾತುಗಳನ್ನೂ, ಅದೇ ಮಹಾಪೂರವನ್ನು ಕಂಡು ಹೊರಗಿನವರು ಆಡುವ ಮಾತುಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡುವುದು ಈ ಲೇಖನದ ಉದ್ದೇಶ. ಮುಳುಗಿದವರನ್ನು ಕಂಡು ನಗಬಹುದೆ ಎಂಬ ನೀತಿಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ಯಾವ ನಗೆ ನಗೆಯಾಗಿ ಗೆದ್ದಿದೆ, ಯಾವುದು ಸೋತಿದೆ, ಅದೇಕೆ ಎಂಬಷ್ಟನ್ನೇ ಕೇಳಿದರೂ ಆ ನೀತಿಪ್ರಶ್ನೆಗೆ ಅರ್ಧ ಉತ್ತರ ದೊರೆತೀತು.

ಮೊದಲು ಶಬ್ದವೊಂದನ್ನು ಗಮನಿಸಬೇಕು. ಗ್ರಂಥಭಾಷೆಯಲ್ಲಿಯೂ ಪತ್ರಿಕೆಗಳಲ್ಲಿಯೂ ‘ನೆರೆ’ ಎಂದರೆ ಪ್ರವಾಹ; ಅದೇ ‘ನೆರೆ’ ಪಕ್ಕದ ಮನೆಯೂ ಹೌದು. ತುಂಬಿ ಬಂದ ನೀರೂ ಪಕ್ಕದವನೂ ಒಂದೇ ಮಾತಿನಲ್ಲಿ ಅಡಗಿರುವುದು ಈ ಲೇಖನಕ್ಕೆ ಅನುಕೂಲವಾಗಿ ಒದಗಿದೆ. ಸುರಪುರದ ಹೊಳೆಸಾಲಿನವರಾದರೋ ‘ನೆರೆ’ ಎನ್ನುವುದಿಲ್ಲ. ಅವರ ಬಾಯಲ್ಲಿ ಅದು ‘ಮಹಾಪೂರ’; ಅದಕ್ಕಿಂತ ಹೆಚ್ಚಾಗಿ ‘ಹೊಳಿ ಬಂದದ’ ಎಂಬ ಎರಡೇ ಮಾತು. ವರ್ಷವೆಲ್ಲ ಊರ ಮಗ್ಗುಲಲ್ಲಿಯೇ ಹರಿಯುತ್ತಿದ್ದ ಹೊಳೆ ಅಂದು ‘ಬರುತ್ತದೆ’. ಬರುವುದು ಅತಿಥಿಯ ಕ್ರಿಯೆ. ಈ ಒಂದು ಕ್ರಿಯಾಪದದಲ್ಲಿಯೇ ಹೊಳೆಸಾಲಿನ ಹಾಸ್ಯದ ಬೀಜವಿದೆ.

ಈ ಸೀಮೆಯ ನೆಲ ನೀರುಗಳ ಸ್ಥಿತಿಯನ್ನು ಅರಿಯದೆ ಮುಂದಿನ ಮಾತು ತಿಳಿಯದು. ಸುರಪುರ ಪಟ್ಟಣ ಕಲ್ಲುಗುಡ್ಡಗಳ ನಡುವಣ ನಾಯಕ ಅರಸರ ರಾಜಧಾನಿ. ಅದನ್ನು ಹೊಳೆ ಮುಟ್ಟುವುದಿಲ್ಲ. ತಾಲೂಕಿನ ತೆಂಕಣ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ಆಚೆ ಯಾದಗಿರಿಯ ಮಗ್ಗುಲಲ್ಲಿ ಭೀಮೆ. ಕೃಷ್ಣೆ ಇಲ್ಲಿಗೆ ಬರುವ ಹೊತ್ತಿಗೆ ಆಲಮಟ್ಟಿಯ ಕಟ್ಟೆಯನ್ನು ದಾಟಿ ನಾರಾಯಣಪುರದ ಬಸವಸಾಗರಕ್ಕೆ ಸಿಕ್ಕಿ, ಅದರ ಗೇಟುಗಳಿಂದ ಇಳಿದು ಬಂದಿರುತ್ತಾಳೆ. ಜಲದುರ್ಗದ ಬಳಿ ಮೂರು ಮೈಲಿಯೊಳಗೆ ಸುಮಾರು 400 ಅಡಿ ಇಳಿಯುವ ಈ ಹೊಳೆಯ ಅಬ್ಬರವನ್ನು ಬ್ರಿಟಿಷರ ಕಾಲದ ಗೆಜೆಟಿಯರು ಬೆರಗಿನಿಂದ ವರ್ಣಿಸಿದೆ. ನಡುವೆ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಗಳು. ಹೊಳೆ ಬಂದಾಗ ಅವು ಸುತ್ತಲ ಲೋಕದಿಂದ ಕಡಿದುಹೋಗುತ್ತಿದ್ದುದು ಪ್ರಸಿದ್ಧವಾದ ಸಂಗತಿ.

ಇನ್ನು ಮಳೆಯ ಮಾತು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಸುರಪುರ ಸೀಮೆಯಲ್ಲಿ ಅದರ ಐದನೆಯ ಒಂದು ಪಾಲೂ ಇಲ್ಲ. ಆದಕಾರಣ ಇಲ್ಲಿಯ ಮಹಾಪೂರ ಅನೇಕ ವೇಳೆ ಬಿಸಿಲಿನಲ್ಲಿಯೇ ಬರುತ್ತದೆ. 2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಯ ದಿನಗಳಲ್ಲಿ, ನಾರಾಯಣಪುರದಿಂದ ಆರು ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಹೊರಬಿದ್ದಾಗ ಅದು ಸಹ್ಯಾದ್ರಿಯ ಮಳೆ. ಬಯಲಿನ ಹೊಲಗಳು ಅತ್ತ ಒಣಗುತ್ತಿದ್ದುವು, ಇತ್ತ ಮುಳುಗುತ್ತಿದ್ದುವು. 2020ರ ಅಕ್ಟೋಬರಿನ ಚಿತ್ತೆಯಲ್ಲಿ ಭೀಮೆ ಉಕ್ಕಿದುದು ಬಹುಪಾಲು ಉಜನಿ ಮುಂತಾದ ಮೇಲಣ ಜಲಾಶಯಗಳ ನೀರಿನಿಂದ. ಇದಕ್ಕೆ ದೊಡ್ಡ ಅಪವಾದವೆಂದರೆ 2009: ಸೆಪ್ಟೆಂಬರಿನ ಕೊನೆ, ಅಕ್ಟೋಬರಿನ ಮೊದಲ ದಿನಗಳಲ್ಲಿ, ಹಸ್ತೆಯಲ್ಲಿ, ಉತ್ತರ ಕರ್ನಾಟಕದ ನೆತ್ತಿಯ ಮೇಲೆಯೇ ಮಳೆ ಕವುಚಿ ಬಿದ್ದು 200ಕ್ಕೂ ಹೆಚ್ಚು ಜನ ಸತ್ತರು.

ಈಗ ಹೊಳೆಸಾಲಿನ ನಗೆಗೆ ಬರೋಣ. ‘ಮಳಿ ಅವ್ರದು, ಹೊಳಿ ನಮ್ದು’ ಎಂಬ ಮಾತು ಹಲವು ರೂಪಗಳಲ್ಲಿ ಕೇಳಬರುತ್ತದೆ. ನಾಲ್ಕೇ ಪದ; ಒಳಪ್ರಾಸವಿದೆ; ಭಾಗವಾದ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಧಾಟಿಯಿದೆ. ಪಾಲಿನಲ್ಲಿ ಒಬ್ಬನಿಗೆ ಮಳೆ ಬಂತು, ಇನ್ನೊಬ್ಬನಿಗೆ ಹೊಳೆ ಬಂತು. ಯಾವ ಪಂಚರು ಈ ಪಾಲು ಮಾಡಿದರೆಂಬುದನ್ನು ಮಾತು ಹೇಳುವುದಿಲ್ಲ. ಇನ್ನೊಂದು: ‘ಕುಡ್ಯಾಕ ನೀರಿಲ್ಲ, ಮುಳಗಾಕ ಬೇಕಾದಷ್ಟದ.’ ಇದು ಮೇಲ್ನೋಟಕ್ಕೆ ಬರಿಯ ವಿರೋಧಾಭಾಸ. ಆದರೆ ಒಂದೇ ತಾಲೂಕು ಒಂದೇ ವರ್ಷ ಬರಪೀಡಿತವೂ ಪ್ರವಾಹಪೀಡಿತವೂ ಆಗಬಲ್ಲ ಕಡೆಯಲ್ಲಿ ಇದನ್ನು ಅಲಂಕಾರವೆನ್ನುವುದಕ್ಕಿಂತ ವರದಿಯೆನ್ನುವುದೇ ಯುಕ್ತ. ವಸ್ತುಸ್ಥಿತಿಯೇ ವಿಕೃತವಾಗಿರುವಾಗ ಅದನ್ನು ಇದ್ದಂತೆ ಹೇಳಿದರೇ ಹಾಸ್ಯ ಹುಟ್ಟುತ್ತದೆ. ಮಾತುಗಾರನು ಏನನ್ನೂ ಉತ್ಪ್ರೇಕ್ಷಿಸಬೇಕಾಗಿಲ್ಲ.

ಹೊಳೆ ‘ಬರುತ್ತದೆ’ ಎಂದೆನಲ್ಲ. ಆ ಕ್ರಿಯಾಪದವನ್ನು ಹಿಗ್ಗಿಸಿ ಹೇಳುವ ಕಥೆಗಳ ಮಾದರಿಯೊಂದುಂಟು. ಅದರಲ್ಲಿ ಹೊಳೆ ಬೀಗರಾಗುತ್ತದೆ: ಹೇಳದೆ ಬರುವ, ಬಂದರೆ ಹೊರಡದ, ಹೊರಡುವಾಗ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಹೋಗುವ ಬೀಗರು. ನೀರು ಇಳಿದ ಮೇಲೆ ಪಂಚನಾಮೆಗೆಂದು ಅಧಿಕಾರಿ ಬರುತ್ತಾನೆ. ‘ಯಜಮಾನ, ಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?’ ಎನ್ನುತ್ತಾನೆ. ಮುದುಕನ ಉತ್ತರ: ‘ಅಡಗಿಮನಿತನಾ ಬಂದಿತ್ರೀ ಸಾಹೇಬ್ರ. ಎರಡು ದಿನ ಇತ್ತು, ನಿಮ್ಮ ಹಾದಿ ನೋಡ್ತು, ನೀವು ಬರಲಿಲ್ಲ; ಬ್ಯಾಸತ್ತು ಹೋತು.’ ಇಲ್ಲಿ ಮುದುಕನು ತನ್ನ ನಷ್ಟವನ್ನು ಒಂದು ಅಕ್ಷರದಷ್ಟೂ ಹೇಳಿಕೊಂಡಿಲ್ಲ. ಕರೆಯದೆ ಬಂದವನ ಸೌಜನ್ಯವನ್ನು ಹೊಗಳಿ, ಕರೆದರೂ ಬಾರದವನನ್ನು ಅವನ ಎದುರಿಗೇ ತೂಗಿದ್ದಾನೆ. ‘ಸಾಹೇಬ್ರ’ ಎಂಬ ಸಂಬೋಧನೆಯಾಗಲಿ ‘ರೀ’ಕಾರವಾಗಲಿ ಎಲ್ಲಿಯೂ ಸಡಿಲಿಲ್ಲ, ಮರ್ಯಾದೆ ತಪ್ಪದೆ ಮರ್ಯಾದೆ ಕಳೆಯುವುದು ಈ ಹಾಸ್ಯದ ಕೌಶಲ. ಕೇಳಿದ ಅಧಿಕಾರಿಗೂ ನಗದೆ ಗತಿಯಿಲ್ಲ.

2009ರ ಮಹಾಪೂರದ ಬಳಿಕ ಕಟ್ಟಿಸಿಕೊಟ್ಟ ಮನೆಗಳ ಯೋಜನೆಗೆ ‘ಆಸರೆ’ ಎಂದು ಹೆಸರಿಟ್ಟರು. ಹೊಲದಿಂದ ದೂರದಲ್ಲಿ, ದನ ಕಟ್ಟಲು ಎಡೆಯಿಲ್ಲದಂತೆ ಎದ್ದ ಮನೆಗಳು ಅನೇಕ ಕಡೆಗಳಲ್ಲಿ ಬಹುಕಾಲ ಬರಿದಾಗಿ ಉಳಿದುವು. ‘ಆಸರಿ ಮನಿಗೆ ಒಂದು ಆಸರಿ ಕಟ್ಟಬೇಕು’ ಎಂಬ ಶ್ಲೇಷೆಯನ್ನು ಯಾವ ಕವಿಯೂ ಹುಡುಕಬೇಕಾಗಿರಲಿಲ್ಲ; ಸರಕಾರವೇ ಅದರ ಅರ್ಧವನ್ನು ರಚಿಸಿಕೊಟ್ಟಿತ್ತು. ಇದಲ್ಲದೆ ಈ ಸೀಮೆಗೆ ಇನ್ನೊಂದು ಸಾಹಿತ್ಯಸಂಪತ್ತುಂಟು. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ಹುಟ್ಟಿದುದು ಈ ನೆಲದಲ್ಲಿ. ಹೊಳೆಯ ದಡದಲ್ಲಿಯೇ ತಿಂಥಣಿಯ ಮೌನೇಶ್ವರನ ಗುಡಿ. ಮುಂದಾಗುವುದನ್ನು ಗಂಭೀರವಾಗಿ ನುಡಿಯುವ ಆ ಧಾಟಿಯ ಪರಿಚಯ ಎಲ್ಲರಿಗೂ ಇರುವುದರಿಂದ, ಕಟ್ಟೆಯ ಮೇಲೆ ಕುಳಿತವನು ಅದೇ ಧಾಟಿಯಲ್ಲಿ ‘ನೀರು ಬಂದೀತು, ನಿಂತೀತು, ನೀರಿಳಿದ ಮ್ಯಾಲ ಮಂತ್ರಿ ಬಂದಾನು’ ಎಂದು ನುಡಿದರೆ ಸಾಕು. ಇದು ಕಾಲಜ್ಞಾನದ ಹೀಯಾಳಿಕೆಯಾಗಿ ಯಾರಿಗೂ ಕೇಳಿಸದು. ಭವಿಷ್ಯವು ಪವಾಡದ ಅಗತ್ಯವೇ ಇಲ್ಲದಷ್ಟು ನಿಶ್ಚಿತವಾಗಿದೆ ಎಂಬುದು ಅದರ ಕೊಂಕು.

ಈ ಎಲ್ಲ ಮಾತುಗಳಲ್ಲಿಯೂ ಸಮಾನವಾದುದೊಂದಿದೆ. ಪ್ರತಿಯೊಂದರಲ್ಲಿಯೂ ಕಾರಣವು ಹೆಸರಿನಿಂದಲೋ ಸೂಚನೆಯಿಂದಲೋ ಉಳಿದಿದೆ: ಮೇಲಣ ಮಳೆ, ತೆರೆದ ಗೇಟು, ತಡವಾಗಿ ಬಂದ ಅಧಿಕಾರಿ, ತಪ್ಪಾದ ಜಾಗದಲ್ಲಿ ಎದ್ದ ಮನೆ. ‘ಕ್ಯೂಸೆಕ್’ ಎಂಬ ಪರಭಾಷಾ ಶಬ್ದ ಅಕ್ಷರ ಬಾರದವರ ಬಾಯಲ್ಲಿಯೂ ನೆಲೆಗೊಂಡಿರುವುದು ಸುಮ್ಮನೆ ಅಲ್ಲ. ಇಷ್ಟು ಬಿಟ್ಟರೆ ಯಾವ ಓಣಿ, ಇನ್ನಿಷ್ಟು ಬಿಟ್ಟರೆ ಯಾವ ಗುಡಿ ಮುಳುಗೀತೆಂಬ ಲೆಕ್ಕ ಅವರಿಗೆ ಬಾಯಿಪಾಠ. ರಸಕ್ಕೆ ವಿಭಾವ ಬೇಕೆಂದು ಲಾಕ್ಷಣಿಕರು ಹೇಳುತ್ತಾರೆ. ಕನ್ನಡದಲ್ಲಿ ಸಾಳ್ವನ ರಸರತ್ನಾಕರವೂ ಅದೇ ದಾರಿ. ಆ ಪರಿಭಾಷೆಯನ್ನು ಸ್ವಲ್ಪ ಸಡಿಲವಾಗಿ ಬಳಸಲು ಅನುಮತಿಯಿದ್ದರೆ ಹೀಗೆನ್ನಬಹುದು: ಹೊಳೆಸಾಲಿನ ನಗೆಯ ವಿಭಾವ ಹೊಳೆಸಾಲಿನ ಹೊರಗಿದೆ. ನಗುವವನು ನೀರಿನಲ್ಲಿ ನಿಂತಿದ್ದರೂ ನಗೆಗೆ ವಿಷಯ ನೀರನ್ನು ಕಳಿಸಿದವರು.

ಇದೇ ತಾಲೂಕಿನೊಳಗೆ ನೀರು ಮುಟ್ಟದ ಗುಡ್ಡದ ಕಡೆಯವರು ಹೊಳೆಸಾಲಿನವರ ಮೇಲೆ ಹೊರಿಸುವ ಪರಿಹಾಸ್ಯವನ್ನು ನೋಡಿದರೆ ಭೇದ ತಟ್ಟನೆ ಕಾಣುತ್ತದೆ. ವರ್ಷವರ್ಷವೂ ಮುಳುಗಿದರೂ ಅಲ್ಲಿಯೇ ಮನೆ ಕಟ್ಟುವ ಮಂದಬುದ್ಧಿಗಳು. ಪರಿಹಾರದ ಹಣಕ್ಕಾಗಿ ಹೊಳೆಯ ಹಾದಿ ಕಾಯುವವರು. ಗಂಜಿಕೇಂದ್ರವೆಂದರೆ ಅವರಿಗೆ ಮದುವೆಮನೆ. ಇಂಥ ಮಾತುಗಳಲ್ಲಿ ಕೆಲವು ಕೇಳಲು ಚುರುಕಾಗಿಯೇ ಇರುತ್ತವೆ. ಆದರೆ ಅವುಗಳಲ್ಲಿ ಮಳೆಯಿಲ್ಲ, ಗೇಟಿಲ್ಲ, ಕಟ್ಟೆಯಿಲ್ಲ. ಮಹಾಪೂರವು ಮುಳುಗಿದವರ ಸ್ವಭಾವದಿಂದಲೇ ಹುಟ್ಟಿತೋ ಎಂಬಂತೆ ಮಾತು ನಡೆಯುತ್ತದೆ. ಹೊಳೆಸಾಲಿನ ರೈತ ಅಲ್ಲಿಂದ ಏಳದಿರುವುದಕ್ಕೆ ಮೆಕ್ಕಲು ಮಣ್ಣು ಕಾರಣ, ಕಣ್ಣಳತೆಯ ಹೊಲ ಕಾರಣ, ಪಂಪಿಗೆ ಎಟಕುವ ನೀರು ಕಾರಣ. ಇವನ್ನು ತಿಳಿದ ಮೇಲೆ ಆ ಪರಿಹಾಸ್ಯ ನಿಲ್ಲುವುದಿಲ್ಲ. ಸತ್ಯವನ್ನು ತಿಳಿದರೆ ಕೆಡುವ ನಗೆಯೂ, ತಿಳಿದಷ್ಟೂ ಬಲಿಯುವ ನಗೆಯೂ ಒಂದೇ ಜಾತಿಯವಲ್ಲ. ಹೊಳೆಸಾಲಿನವರ ಮರುಮಾತು, ‘ಗುಡ್ಡದ ಮ್ಯಾಲ ಕುಂತವರು ನಳಕ್ಕ ಕೊಡಾ ಹಚ್ಚಿ ಎಂಟು ದಿನ ಕಾಯ್ತಾರ’ ಎಂಬಂಥದು, ಇಷ್ಟೇ ಕಟುವಾದುದು. ಅದರಲ್ಲಿಯಾದರೂ ನಲ್ಲಿಯೊಂದುಂಟು, ನೀರು ಬಿಡಬೇಕಾದವರ ಕಡೆಗೂ ಬೆರಳು ತಿರುಗುತ್ತದೆ.

ಸೀಮೆಯವರಿಗೆ ಸ್ವಭಾವವನ್ನು ಕಟ್ಟುವುದು ಹೊಸ ಚಾಳಿಯೇನೂ ಅಲ್ಲ. ಭರತನು ದಾಕ್ಷಿಣಾತ್ಯಾ, ಆವಂತೀ ಮೊದಲಾದ ನಾಲ್ಕು ಪ್ರವೃತ್ತಿಗಳನ್ನು ಹೇಳಿ, ದಕ್ಷಿಣದೇಶದವರು ನೃತ್ತಗೀತಪ್ರಿಯರು, ಕೈಶಿಕೀ ವೃತ್ತಿಗೆ ಒಲಿದವರು ಎಂದು ಗೊತ್ತುಮಾಡಿದ್ದಾನೆ. ಅದು ರಂಗದ ಅನುಕೂಲಕ್ಕಾಗಿ ಆದದ್ದು. ಪಾತ್ರ ಬಂದೊಡನೆ ಯಾವ ದೇಶದವನೆಂದು ಸಭಿಕನಿಗೆ ತಿಳಿಯಬೇಕು. ರಾಜಶೇಖರನು ಇನ್ನೂ ಮುಂದೆ ಹೋದನು. ಕಾವ್ಯಮೀಮಾಂಸೆಯಲ್ಲಿ ಬೇರೆ ಬೇರೆ ದೇಶದವರು ಕಾವ್ಯವನ್ನು ಓದುವ ಬಗೆಯನ್ನು ಹೇಳುತ್ತ, ಕರ್ಣಾಟರು ರಸ ಯಾವುದಿರಲಿ, ರೀತಿ ಯಾವುದಿರಲಿ, ಗುಣ ಯಾವುದಿರಲಿ, ಎಲ್ಲವನ್ನೂ ಗರ್ವದಿಂದ, ಕೊನೆಯಲ್ಲಿ ಟಂಕಾರ ಹೊಡೆದು ಓದುತ್ತಾರೆ ಎಂದಿದ್ದಾನೆ. ಸಾವಿರ ವರ್ಷಕ್ಕೂ ಹಿಂದಿನ ಈ ಚೇಷ್ಟೆಯನ್ನು ಓದಿ ಕನ್ನಡಿಗನಿಗೆ ಕೋಪ ಬರುವುದಿಲ್ಲ, ನಗು ಬರುತ್ತದೆ. ಕಾರಣ, ರಾಜಶೇಖರನು ಕಿವಿಗೊಟ್ಟು ಕೇಳಿದ್ದಾನೆ. ನಮ್ಮ ಗಮಕಿಗಳಲ್ಲಿ ಕೆಲವರನ್ನು ಕೇಳಿದಾಗ ಆ ಟಂಕಾರ ಈಗಲೂ ಇದೆಯೆಂದು ಈ ಲೇಖಕನಿಗೆ ಅನುಮಾನ ಬಂದದ್ದುಂಟು.

ನುಡಿಯ ಭೇದದ ಮಾತು ಬಂದಾಗ ಕವಿರಾಜಮಾರ್ಗವನ್ನು ನೆನೆಯದಿರುವುದು ಸಾಧ್ಯವಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಲ್ಲಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಕನ್ನಡವೇ ತಿರುಳೆಂದು ಅದು ಎಣಿಸುತ್ತದೆ. ದೇಸಿಗಳೋ ವಾಸುಕಿಯೂ ಹೇಳಿ ದಣಿಯುವಷ್ಟು ಹಲವೆಂದು ಒಪ್ಪಿಕೊಳ್ಳುತ್ತದೆ. ಆ ತಿರುಳಿನ ನಾಡಿಗೆ ಸುರಪುರ ಬಹುದೂರದ್ದೇನೂ ಅಲ್ಲ. ಹೀಗಿರಲು ಕಾಲ ತಿರುಗಿ, ರಾಜಧಾನಿ ದಕ್ಷಿಣದಲ್ಲಿ ನಿಂತು, ಅಚ್ಚಿನ ಕನ್ನಡವೂ ಸಿನಿಮಾದ ಕನ್ನಡವೂ ಆ ಕಡೆಯವಾದ ಮೇಲೆ ‘ಹೋಗ್ಯಾನ, ಬಂದಾನ’ ಎಂಬ ಕ್ರಿಯಾರೂಪಗಳೂ, ‘ಖರೇ, ಜಲ್ದಿ, ಹೈರಾಣ’ ಎಂಬ ಉರ್ದೂ ಬೆರಕೆಯೂ ತಾವೇ ನಗೆಗೆ ವಿಷಯವಾದುವು. ಪಾತ್ರ ಬಾಯಿ ತೆರೆದರೆ ಸಾಕು, ಸಭೆ ನಗುತ್ತದೆ. ಅವನು ಆಡಿದ ಮಾತು ಏನೆಂಬುದು ಬೇಕಾಗಿಲ್ಲ. ಅನುಕರಣದಿಂದ ಹಾಸ್ಯ ಹುಟ್ಟುವುದನ್ನು ಶಾಸ್ತ್ರ ಒಪ್ಪುತ್ತದೆ. ಆದರೆ ರಾಜಶೇಖರನ ಕಿವಿ ಇಲ್ಲದ ಅನುಕರಣಕ್ಕೆ ಧಾರವಾಡವೂ ಒಂದೇ, ಬೀದರವೂ ಒಂದೇ, ಸುರಪುರವೂ ಒಂದೇ. ಮೂರು ಕಡೆಯ ಕನ್ನಡದಲ್ಲಿಯೂ ಆಯಾ ಸೀಮೆಯವನಿಗೆ ಕೂಡಲೆ ಗೊತ್ತಾಗುವ ಭೇದಗಳಿವೆ. ತೆರೆಯ ಮೇಲಿನ ‘ಉತ್ತರ ಕರ್ನಾಟಕದವನು’ ಈ ಮೂರರಲ್ಲಿ ಒಂದು ಊರಿನವನೂ ಆಗಿರುವುದಿಲ್ಲ. ಬೀಚಿಯವರು (1913–1980) ಹರಪನಹಳ್ಳಿಯಲ್ಲಿ ಹುಟ್ಟಿ ಬಳ್ಳಾರಿ ಸೀಮೆಯ ಬದುಕನ್ನು ಬಲ್ಲವರು. ಅವರ ತಿಮ್ಮ ಒಬ್ಬ ವ್ಯಕ್ತಿ, ಅವನ ಪೆದ್ದುತನ ಅವನದೇ. ಅದನ್ನು ಸೀಮೆಯ ಲೆಕ್ಕಕ್ಕೆ ಬರೆದವರು ಬಳಿಕ ಬಂದವರು. 1942ರಲ್ಲಿ ರಾಶಿಯವರು ಹೊರಡಿಸಿದ ‘ಕೊರವಂಜಿ’ಯ ನಗೆ ಹೆಚ್ಚಾಗಿ ನಗರದ ಮಧ್ಯಮವರ್ಗದವರು ತಮ್ಮನ್ನೇ ನೋಡಿಕೊಂಡು ನಕ್ಕದ್ದು, ಅದರ ಆರೋಗ್ಯಕ್ಕೆ ಅದೂ ಒಂದು ಕಾರಣ.

ಮಹಾಪೂರವೂ ಸೀಮೆಯ ಹೀಯಾಳಿಕೆಯೂ ಕೂಡಿಕೊಳ್ಳುವುದು ನಮ್ಮಲ್ಲಿ ಮಾತ್ರವೆಂದು ತಿಳಿಯಬಾರದು. ಇಂಗ್ಲೆಂಡಿನ ಮೂಡಣ ಭಾಗದಲ್ಲಿ ಫೆನ್ಸ್ ಎಂಬ ಜವುಳುನಾಡಿದೆ. ಅಲ್ಲಿಯವರಿಗೆ ಬಾತುಕೋಳಿಯಂತೆ ಬೆರಳುಗಳ ನಡುವೆ ತೊಗಲಿರುತ್ತದೆ ಎಂಬುದು ನೆರೆಯವರ ಹಳೆಯ ಹಾಸ್ಯ. ಹದಿನೇಳನೆಯ ಶತಮಾನದಲ್ಲಿ ಕಾಲುವೆ ತೋಡಿಸಿ ಆ ಜವುಳನ್ನು ಬತ್ತಿಸಿದರು. ನೀರು ಬಸಿದುಹೋದ ಮೇಲೆ ಸಸ್ಯ ಕೊಳೆತು ಆದ ಆ ಮಣ್ಣು ಕುಗ್ಗಿ, ನೆಲವು ಹೊಳೆಗಳ ಮಟ್ಟಕ್ಕಿಂತ ಕೆಳಗಿಳಿಯಿತು. ಮುಂದೆ ನೀರು ನುಗ್ಗುವ ಭಯ ಶಾಶ್ವತವಾಯಿತು. ಬಾತುಕಾಲಿನ ಹಾಸ್ಯದಲ್ಲಿ ಈ ಚರಿತ್ರೆಯ ಸುಳಿವಿಲ್ಲ. ನೀರಿನಲ್ಲಿ ಬದುಕುವುದು ಆ ಜನರ ಹುಟ್ಟುಗುಣವೆಂದ ಮೇಲೆ ಕಾಲುವೆ ತೋಡಿಸಿದವರನ್ನು ಯಾರು ಕೇಳುತ್ತಾರೆ? 2007ರ ಜೂನಿನಲ್ಲಿ ಹಲ್ ಎಂಬ ಪಟ್ಟಣದ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ಬಹುಕಾಲದಿಂದ ದೇಶದ ಪರಿಹಾಸ್ಯಕ್ಕೆ ಗುರಿಯಾಗಿದ್ದ ಆ ಊರನ್ನು ಅದರ ಪುರಸಭೆಯ ಮುಖಂಡರೇ ‘ಮರೆತುಹೋದ ನಗರ’ವೆಂದು ಕರೆಯಬೇಕಾಯಿತು. ನಗಲು ನೆನಪಿಗೆ ಬರುವ ಊರು ಮುಳುಗಿದಾಗ ನೆನಪಿಗೆ ಬರುವುದಿಲ್ಲ.

ಈಗ ನಮ್ಮ ರಾಜಧಾನಿಯ ಪ್ರಸಂಗ. 2022ರ ಸೆಪ್ಟೆಂಬರಿನ ಮೊದಲ ವಾರ ಬೆಂಗಳೂರಿನ ಮೂಡಣ ಬಡಾವಣೆಗಳೂ ಹೊರವರ್ತುಲ ರಸ್ತೆಯೂ ನೀರಿನಲ್ಲಿ ಮುಳುಗಿದುವು. ಗಣಕಯಂತ್ರದ ಉದ್ಯೋಗಿಗಳು ಟ್ರ್ಯಾಕ್ಟರುಗಳನ್ನೇರಿ ಕಚೇರಿಗೆ ಹೋದರು. ಬೆಲೆಬಾಳುವ ಮನೆಗಳಿಂದ ಜನರನ್ನು ದೋಣಿಗಳಲ್ಲಿ ಹೊರತಂದರು. ಹಾಸ್ಯದ ದೃಷ್ಟಿಯಿಂದ ಇದು ಅಪೂರ್ವವಾದ ಸಂದರ್ಭ. ಅದುವರೆಗೆ ನಗರದ ನಗೆಯಲ್ಲಿ ಟ್ರ್ಯಾಕ್ಟರು ಹಳ್ಳಿಗನ ಚಿಹ್ನೆ. ಆ ಚಿಹ್ನೆಯ ಮೇಲೆಯೇ ನಗರ ಹತ್ತಿ ಕುಳಿತಿತು. ‘ನಮ್ಮ ಟ್ರ್ಯಾಕ್ಟರಿಗೂ ಬೆಂಗಳೂರಾಗ ನೌಕರಿ ಸಿಕ್ತು’ ಎಂಬ ಧಾಟಿಯ ಉತ್ತರದ ಮಾತು ಆ ದಿನಗಳ ಹಾಸ್ಯಗಳಲ್ಲಿ ಮೇಲ್ತರದ್ದೆಂದು ನನ್ನ ಎಣಿಕೆ. ನೌಕರಿ ಹುಡುಕಿ ಬೆಂಗಳೂರಿಗೆ ಹೋಗುವವರು ಯಾರು, ಅಲ್ಲಿ ನೌಕರಿ ಕೊಡುವವರು ಯಾರು, ಇಂದು ಯಾರಿಗೆ ಯಾರ ಅಗತ್ಯ ಬಿತ್ತು ಎಂಬ ಮೂರು ಸಂಗತಿಗಳು ಅದರಲ್ಲಿ ಒಮ್ಮೆಗೇ ಮಿಂಚುತ್ತವೆ. ಆದರೂ ಅದರಲ್ಲಿ ಮುಳುಗಿದವರ ವಿಷಯಕ್ಕೆ ಹಗೆಯಿಲ್ಲ.

ಅದೇ ವಾರ ಇನ್ನೊಂದು ಬಗೆಯ ನಗೆಯೂ ಹಬ್ಬಿತು. ಹೊರಗಿನವರು ಬಂದರು, ಊರು ಕೆಟ್ಟಿತು, ಈಗ ಅವರೇ ಮುಳುಗಿದರು, ತಕ್ಕದ್ದಾಯಿತು ಎಂಬ ಸಂತೋಷ. ಕನ್ನಡ ಬಾರದವರನ್ನು ನೀರು ಆರಿಸಿ ಹಿಡಿಯಿತೋ ಎಂಬಂತೆ ಈ ಮಾತುಗಳಿದ್ದುವು. ಮೇಲಣ ಕೆರೆಯ ಕೋಡಿಯ ನೀರು ಕೆಳಗಣ ಕೆರೆಗೆ ಇಳಿಯುವ ರಾಜಕಾಲುವೆಗಳನ್ನು ಮುಚ್ಚಿದವರಲ್ಲಿಯೂ, ಮುಚ್ಚಲು ಒಪ್ಪಿಗೆ ಕೊಟ್ಟವರಲ್ಲಿಯೂ ಒಳಗಿನವರೇ ಬೇಕಾದಷ್ಟಿದ್ದರೆಂಬುದು ಆ ಹಾಸ್ಯಕ್ಕೆ ಒಗ್ಗದ ಸಂಗತಿ. ಹೊಳೆಸಾಲಿನವರ ಮೇಲೆ ಗುಡ್ಡದವರು ಹೊರಿಸಿದ ಪರಿಹಾಸ್ಯವೇ ಇದು, ವೇಷ ಬೇರೆ. ಬಡವನು ಮುಳುಗಿದರೆ ಪೆದ್ದುತನದಿಂದ, ಉಳ್ಳವನು ಮುಳುಗಿದರೆ ಸೊಕ್ಕಿನಿಂದ. ಕೆರೆಯ ಅಂಗಳವೂ ಕಟ್ಟೆಯ ಗೇಟೂ ಎರಡರಲ್ಲಿಯೂ ಕಾಣೆಯಾಗಿವೆ.

ಇಲ್ಲಿ ಒಂದು ಮೌನವನ್ನೂ ಗುರುತಿಸಬೇಕು. ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಗಳಿಂದ ಗುಳೆ ಹೋದ ಸಾವಿರಾರು ಸಂಸಾರಗಳು ಬೆಂಗಳೂರಿನ ಅದೇ ಭಾಗಗಳಲ್ಲಿ ತಗಡಿನ ಮತ್ತು ನೀಲಿ ತಾಡಪತ್ರಿಯ ಶೆಡ್ಡುಗಳಲ್ಲಿ ವಾಸವಾಗಿವೆ. ಆ ಎತ್ತರದ ಕಟ್ಟಡಗಳನ್ನು ಕಟ್ಟಿದ ಕೈಗಳಲ್ಲಿ ಅವರವೂ ಉಂಟು. ಆ ಮಳೆಯಲ್ಲಿ ಶೆಡ್ಡುಗಳಿಗೂ ನೀರು ನುಗ್ಗಿತ್ತು. ಟ್ರ್ಯಾಕ್ಟರಿನ ಮೇಲಿನ ಉದ್ಯೋಗಿಯ ಮೇಲೆ ಲೆಕ್ಕವಿಲ್ಲದಷ್ಟು ಹಾಸ್ಯಗಳು ಹುಟ್ಟಿದುವು. ಶೆಡ್ಡಿನವರ ಮೇಲೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದು ಹಾಸ್ಯವೂ ನನ್ನ ಕಿವಿಗೆ ಬೀಳಲಿಲ್ಲ. ಅನುಕಂಪದಿಂದ ಸುಮ್ಮನಿದ್ದರೆಂದು ಹೇಳುವಂತಿಲ್ಲ. ನಗುವುದಕ್ಕೂ ಮೊದಲು ಕಾಣಬೇಕಷ್ಟೆ. ಊರಿನಲ್ಲಿ ಹೊಳೆಗೆ ಹೆದರಿಯೋ ಬರಕ್ಕೆ ಹೆದರಿಯೋ ಹೊರಟು ಬಂದವನನ್ನು ರಾಜಧಾನಿಯಲ್ಲಿಯೂ ನೀರು ಹುಡುಕಿಕೊಂಡು ಬಂದದ್ದು ಬೀಗರ ಕಥೆಗೆ ತಕ್ಕ ಎರಡನೆಯ ಭಾಗ. ಅದನ್ನು ಹೇಳಬಲ್ಲವರು ಆ ಶೆಡ್ಡುಗಳಲ್ಲಿ ಇದ್ದೇ ಇದ್ದಾರು, ಕೇಳಿ ಬರೆದುಕೊಂಡವರು ಇಲ್ಲ.

ಪರಿಹಾಸ್ಯಕ್ಕೆ ವಿರುದ್ಧವೆಂದು ತೋರುವ ಹೊಗಳಿಕೆಯೂ ಇದೇ ದೋಷಕ್ಕೆ ಒಳಗಾಗುವುದುಂಟು. 1841ರಿಂದ 1853ರವರೆಗೆ ಸುರಪುರದಲ್ಲಿದ್ದು ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನು, 1877ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಬೇಡ ನಾಯಕರನ್ನು ಪ್ರೀತಿಯಿಂದಲೇ ಚಿತ್ರಿಸಿದ್ದಾನೆ. ಆದರೆ ಆ ಪ್ರೀತಿಯೊಳಗೂ ಶೂರರು, ಮೊಂಡರು, ಅಂಕೆಗೆ ಸಿಗದವರು ಎಂಬ ಮೊದಲೇ ಕಟ್ಟಿದ ಚೌಕಟ್ಟೊಂದುಂಟು. ನಮ್ಮ ಕಾಲದ ಪತ್ರಿಕೆಗಳು ನಡುಗಡ್ಡೆಯ ಜನ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆ ಈಜುವುದನ್ನು ‘ಸಾಹಸ’ವೆಂದು ಕೊಂಡಾಡಿವೆ. ಸಾಹಸವೇ ಸರಿ. ಆದರೆ ಸೇತುವೆಯಿದ್ದಿದ್ದರೆ ಆ ಸಾಹಸಕ್ಕೆ ಅವಕಾಶವಿರುತ್ತಿರಲಿಲ್ಲ. ಬಾತುಕಾಲಿನವರೆಂದು ನಗುವುದಕ್ಕೂ, ಈಜುವುದರಲ್ಲಿ ಗಟ್ಟಿಗರೆಂದು ಹೊಗಳುವುದಕ್ಕೂ ದೂರ ಬಹಳವಿಲ್ಲ. ಹೊಳೆಸಾಲಿನವನು ಇದನ್ನು ಬಲ್ಲ. ‘ಬಿರುದು ಕೊಟ್ಟ್ರಿ, ಸೇತುವಿ ಯಾವಾಗ ಕೊಡ್ತೀರಿ?’ ಎಂದು ಕೇಳುವುದು ಅವನಿಗೆ ಕಷ್ಟವಲ್ಲ.

ಅಧಿಕೃತ ಭಾಷೆಯೂ ಒಂದು ಮಾತಿಗೆ ಅರ್ಹ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ 114 ತಾಲೂಕುಗಳನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿತು. ಅದರ ಉದ್ದೇಶ ಹಣವನ್ನು ನ್ಯಾಯವಾಗಿ ಹಂಚುವುದು. ಹಂಚಿಕೆಯ ಲೆಕ್ಕಕ್ಕೆಂದು ಹುಟ್ಟಿದ ವಿಶೇಷಣವು ಜನರ ಮೈಗೆ ಅಂಟಿಕೊಂಡದ್ದು ಬಳಿಕದ ಕಥೆ. ‘ಹಿಂದುಳಿದ’ ಎಂಬುದು ಹಿಂದಕ್ಕೆ ಬಿಡಲ್ಪಟ್ಟ ಎಂಬರ್ಥವನ್ನು ಕಳೆದುಕೊಂಡು ಹಿಂದೆ ಉಳಿಯುವ ಸ್ವಭಾವದ ಎಂಬರ್ಥವನ್ನು ಪಡೆದುದು ಶಬ್ದಾರ್ಥಪರಿವರ್ತನೆಯನ್ನು ಅಭ್ಯಸಿಸುವವರಿಗೆ ಒಳ್ಳೆಯ ಉದಾಹರಣೆ. ಇಲ್ಲಿಯೂ ಕಾರಣ ಜಾರಿ ಸ್ವಭಾವ ಉಳಿಯಿತು.

ಕೊನೆಯದಾಗಿ, ಇಂಥ ಮಾತುಗಳನ್ನು ಸಂಗ್ರಹಿಸುವವರಿಗೆ ಸಂಬಂಧಪಟ್ಟ ಒಂದು ವಿಚಾರ. ನಮ್ಮ ಗಾದೆಗಳ, ನಗೆಮಾತುಗಳ ಸಂಕಲನಗಳು ಸಾಮಾನ್ಯವಾಗಿ ಮಾತನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿ ಕೊಡುತ್ತವೆ. ಯಾರು, ಯಾವ ಊರಿನಲ್ಲಿ, ಯಾವ ಮಳೆಯಲ್ಲಿ ಆಡಿದರೆಂಬುದು ಬಿಟ್ಟುಹೋಗುತ್ತದೆ. ‘ಹೊಳೆಯಲ್ಲಿ ಸುರಿದರೂ ಅಳೆದು ಸುರಿ’ ಎಂಬಂಥ ಗಾದೆಗೆ ಇದರಿಂದ ಕೇಡಿಲ್ಲ. ಮೇಲೆ ವಿಚಾರಿಸಿದ ಮಾತುಗಳಿಗೆ ಕೇಡುಂಟು. ‘ಮಳಿ ಅವ್ರದು, ಹೊಳಿ ನಮ್ದು’ ಎಂಬುದು 2019ಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ, 2009ಕ್ಕೆ ಹೊಂದುವುದೇ ಇಲ್ಲ. ಆ ವರ್ಷ ಮಳೆಯೂ ನಮ್ಮದೇ ಆಗಿತ್ತು. ಅದೇ 2019ರಲ್ಲಿ ಸಾಂಗಲಿಯ ಕಡೆಯವರು ತಮ್ಮ ಊರು ಮುಳುಗಿದ್ದಕ್ಕೆ ಆಲಮಟ್ಟಿಯ ಹಿನ್ನೀರನ್ನು ದೂರುತ್ತಿದ್ದರೆಂಬುದನ್ನು ನೆನೆದರೆ, ಈ ಮಾತಿನ ‘ಅವ್ರು’ ಯಾರು ಎಂಬುದು ನಿಂತ ದಡವನ್ನು ಅವಲಂಬಿಸುತ್ತದೆ. ಊರೂ ವರ್ಷವೂ ಅಳಿಸಿಹೋದ ಸಂಕಲನದಲ್ಲಿ ಇದು ಯಾರು ಯಾರ ಮೇಲೆ ಬೇಕಾದರೂ ಎಸೆಯಬಹುದಾದ ಕಲ್ಲಾಗುತ್ತದೆ.

ಶಹಾಪುರ ತಾಲೂಕಿಗೂ ದೇವದುರ್ಗ ತಾಲೂಕಿಗೂ ನಡುವೆ ಕೃಷ್ಣೆಯ ಮೇಲೊಂದು ಸೇತುವೆಯಿದೆ. ಈಚೆಯ ದಡದವರು ಅದನ್ನು ಕೊಳ್ಳೂರಿನ ಸೇತುವೆ ಎನ್ನುತ್ತಾರೆ, ಆಚೆಯವರು ಹೂವಿನಹೆಡಗಿಯ ಸೇತುವೆ ಎನ್ನುತ್ತಾರೆ. 2019ರಲ್ಲಿ ಅದರ ಮೇಲೆ ನೀರು ಹರಿದಾಗ ಸುದ್ದಿಗಳಲ್ಲಿ ಎರಡು ಹೆಸರೂ ಬಂದುವು. ಸೀಮೆಯ ಪರಿಚಯವಿಲ್ಲದ ಓದುಗನು ಎರಡು ಸೇತುವೆಗಳು ಮುಳುಗಿದುವೆಂದು ಎಣಿಸಿದ್ದರೆ ಅದು ಅವನ ತಪ್ಪಲ್ಲ. ಆ ಸೇತುವೆಯ ಮೇಲೆ ಹುಟ್ಟುವ ನಗೆಮಾತನ್ನು ಬರೆದುಕೊಳ್ಳುವವನು ಎರಡು ದಡಗಳ ಹೆಸರನ್ನೂ ಬರೆಯಬೇಕಾಗುತ್ತದೆ, ಸೇತುವೆ ಒಂದೇ ಎಂಬ ಟಿಪ್ಪಣಿಯೊಡನೆ.